ಬಾನೆಟ್ ಮೇಲಿನ ಕೊತ್ತಂಬರಿ

ನನ್ನ ಗಂಡ ಬಸ್ ಡ್ರೈವರ್. ಜನ ಅವರನ್ನು ಕಾವುಕೋಳಿ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದ ಮೇಲೇ. ಅವರೂ ಓಗೊಡುತ್ತಿದ್ದರು. ಹೆಸರಿಟ್ಟವನು ಅವರ ಬಸ್ಸಿನ ಕಂಡಕ್ಟರ್. ಕೋಳಿ ಮೊಟ್ಟೆಗೆ ಕಾವು ಕೊಡುವ ಹಾಗೆ ಇವರು ಕೊತ್ತಂಬರಿ ಬೀಜಕ್ಕೆ ಕಾವು ಕೊಡುತ್ತಿದ್ದರು. ಅದೂ ಡ್ಯೂಟಿ ಮೇಲೆ, ಓಡುವ ಬಸ್ಸಿನಲ್ಲಿ.

ನಮ್ಮದು ತಣ್ಣಗಿನ ಮನೆ. ಎರಡು ದೊಡ್ಡ ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡಿದೆ. ಬಿಸಿಲು ಅವಸರದ ನೆಂಟರ ಹಾಗೆ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತದೆ, ಒಳಗೆ ಬಂದು ಕೂರುವುದಿಲ್ಲ. ಹಿತ್ತಲು ಎಂದರೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಪಟ್ಟಿ ಜಾಗ. ಅಲ್ಲಿ ಮಧ್ಯಾಹ್ನ ಮಾತ್ರ ಸ್ವಲ್ಪ ಬಿಸಿಲು ಬೀಳುತ್ತದೆ. ಡಿಪೋದಲ್ಲಿ ಬಿಸಾಡಿದ ಆಯಿಲ್ ಡಬ್ಬ, ಕೊಯ್ದ ಟಯರು, ಎಲ್ಲ ತಂದು ಮಣ್ಣು ತುಂಬಿಸಿದ್ದರು. ಒಡೆದ ಹೆಡ್‌ಲೈಟಿನ ಗಾಜನ್ನು ಎಳೇ ಸಸಿಗೆ ಕೊಡೆಯ ಹಾಗೆ ಮುಚ್ಚುತ್ತಿದ್ದರು. ಹಿತ್ತಲಿಗೆ ಹೋದರೆ ಬಸ್ಸೊಂದು ಆಕ್ಸಿಡೆಂಟ್ ಆಗಿ ಅದರ ಮೇಲೆ ಗಿಡ ಬೆಳೆದ ಹಾಗೆ ಕಾಣುತ್ತಿತ್ತು.

ಚಳಿಗಾಲದಲ್ಲಿ ಅಲ್ಲಿ ಹಾಕಿದ ಬೀಜ ಏಳುತ್ತಿರಲಿಲ್ಲ. ಮಣ್ಣಲ್ಲೇ ಮಲಗಿ ಕೊಳೆಯುತ್ತಿತ್ತು. ಅವರು ಯೋಚನೆ ಮಾಡಿದರು. ಅವರದು ಹಳೇ ಬಸ್ಸು. ಡ್ರೈವರ್ ಪಕ್ಕದಲ್ಲೇ ಇಂಜಿನ್, ಅದರ ಮೇಲೆ ದಪ್ಪ ಮುಚ್ಚಳ. ಅದೇ ಬಾನೆಟ್. ಸೀಟು ಸಿಗದ ಹೆಂಗಸರು ಅದರ ಮೇಲೆ ಕೂರುತ್ತಾರೆ. ಚಳಿಗಾಲದಲ್ಲಿ ಸೀಟು ಸಿಕ್ಕವರೂ ಅಲ್ಲೇ ಕೂರುತ್ತಾರೆ, ಅಷ್ಟು ಬೆಚ್ಚಗಿರುತ್ತದೆ. ಹೆಂಗಸರಿಗೆ ಹಿತವಾದದ್ದು ಬೀಜಕ್ಕೆ ಯಾಕೆ ಆಗಬಾರದು ಎಂದು ಅವರ ತಲೆಗೆ ಹೊಳೆಯಿತು.

ಮೊದಲ ಸಲ ನೆನೆಸಿದ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನೇರವಾಗಿ ಬಾನೆಟ್ ಮೇಲೆ ಇಟ್ಟರು. ಸಂಜೆ ಮನೆಗೆ ತಂದು ಬಿಚ್ಚಿದರೆ ಹಬೆ ಬಂತು.

"ಇದನ್ನ ಬಿತ್ತೋದೋ, ಬಡಿಸೋದೋ?" ಎಂದೆ.

ಮಾರನೆಯ ದಿನ ಅವರು ಹರಿದ ಸೀಟಿನ ಸ್ಪಂಜ್ ಒಂದು ತುಂಡು ಕಿತ್ತುಕೊಂಡು, ಬಾನೆಟ್ ಮೇಲೆ ಅದನ್ನು ಹಾಸಿ, ಅದರ ಮೇಲೆ ಗಂಟು ಇಟ್ಟರು. ಗಂಟಿನ ಬಟ್ಟೆಯೂ ಬದಲಾಯಿತು. ಹಳೇ ಖಾಕಿ ಪ್ಯಾಂಟಿನ ತುಂಡು. ಖಾಕಿ ನೀರು ಹಿಡಿದಿಡುತ್ತದೆ, ಬೇಗ ಬಿಡುವುದಿಲ್ಲ ಎನ್ನುತ್ತಿದ್ದರು. ಡ್ರೈವರ್‌ಗಳ ಸ್ವಭಾವವೂ ಅದೇ ಎಂದು ನಾನು ಅನ್ನುತ್ತಿದ್ದೆ.

ಬೀಜ ಮೂರ್ನಾಲ್ಕು ದಿನ ಬಸ್ಸಿನಲ್ಲಿ ಓಡಾಡಿ ಮೊಳಕೆ ಒಡೆದು ಮನೆಗೆ ಬರುತ್ತಿತ್ತು. ಆ ದಿನಗಳಲ್ಲಿ ಬಸ್ಸು ಹೊತ್ತಿಗೆ ಬರುತ್ತಿರಲಿಲ್ಲ. ಹಂಪ್ ಬಂದರೆ ನಡೆದು ಹೋಗುವವನಿಗಿಂತ ನಿಧಾನ. ಬ್ರೇಕ್ ಹಾಕಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸುರಿ ಹೆಂಗಸರು ಬೇರೆ ಬಸ್ಸು ಬಿಟ್ಟು ಇವರ ಬಸ್ಸಿಗೇ ಕಾಯುತ್ತಿದ್ದರು. ಆಫೀಸಿಗೆ ಹೋಗುವವರು ಮಾತ್ರ ಹಲ್ಲು ಕಡಿಯುತ್ತಿದ್ದರು.

ಒಂದು ಸಲ ನರ್ಸಮ್ಮ ಗಂಟಿನ ಮೇಲೆ ಕೂತುಬಿಟ್ಟರು. ಆಸ್ಪತ್ರೆಯಲ್ಲಿ ನರ್ಸ್, ದಿನಾ ಅದೇ ಬಸ್ಸು, ಮೈ ಸ್ವಲ್ಪ ದೊಡ್ಡದು. ಇವರು ನಡುರಸ್ತೆಯಲ್ಲಿ ಬಸ್ ನಿಲ್ಲಿಸಿದರು.

"ಏಳಿ."

"ಯಾಕೆ ಡ್ರೈವರಣ್ಣಾ?"

"ಕೆಳಗೆ ಮಕ್ಳಿದಾವೆ."

ನರ್ಸಮ್ಮ ಕಿರುಚಿಕೊಂಡು ಎದ್ದರಂತೆ. ಹಿಂದಿನವರೆಲ್ಲ ಎದ್ದು ತಮ್ಮ ತಮ್ಮ ಮಕ್ಕಳನ್ನು ನೋಡಿಕೊಂಡರಂತೆ. ಕಂಡಕ್ಟರ್ ಓಡಿ ಬಂದು, "ಏನಿಲ್ಲ, ಏನಿಲ್ಲ, ಕೂತ್ಕೊಳಿ. ನಮ್ ಕಾವುಕೋಳಿ ಮರಿ," ಎಂದ. ಆವತ್ತಿನಿಂದ ಆ ಹೆಸರು.

ಬೀಜದ ಕೆಲಸಕ್ಕೆ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಡುಗೆಮನೆ ನಿಂದು, ಹಿತ್ತಲು ನಂದು, ಎನ್ನುತ್ತಿದ್ದರು. ನಾನೂ ಒಳ್ಳೆಯದೇ ಆಯಿತು ಎಂದುಕೊಂಡೆ. ಬೀಜ ಉಜ್ಜುವುದನ್ನು ದೂರದಿಂದ ನೋಡಿದ್ದೇನೆ. ಕೊತ್ತಂಬರಿಯ ಒಂದು ಕಾಳು ಅಂದರೆ ಒಳಗೆ ಎರಡು ಬೀಜ. ಅದನ್ನು ಎರಡು ಹೋಳು ಮಾಡಬೇಕು, ಪುಡಿ ಮಾಡಬಾರದು. ಅದಕ್ಕೆ ಅವರು ಬಲಗಾಲಿನ ಚಪ್ಪಲಿ ತೊಳೆದು ಇಟ್ಟುಕೊಳ್ಳುತ್ತಿದ್ದರು. ಆಕ್ಸಲರೇಟರ್ ಒತ್ತಿ ಒತ್ತಿ ಅದರ ಅಡಿ ನುಣ್ಣಗಾಗಿತ್ತು. ಎಡಗಾಲಿನದರಲ್ಲಿ ಇನ್ನೂ ಗೀರು ಉಳಿದಿದ್ದವು, ಅದು ಬೀಜ ಕಚ್ಚುತ್ತದೆ ಎಂದು ಮುಟ್ಟುತ್ತಿರಲಿಲ್ಲ. ಒಂದೇ ಚಪ್ಪಲಿ ತೊಳೆದು ಒಣಗಿಸುವ ಗಂಡಸು ಬೇರೆ ಯಾರಾದರೂ ಇದ್ದರೆ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಚಳಿಗಾಲ ಪೂರ್ತಿ ಅವರ ಪ್ಯಾಂಟಿನ ಮಡಿಲು ಒದ್ದೆಯಾಗಿರುತ್ತಿತ್ತು. ಕೇಳಿದರೆ, ನೀರಿನ ಬಾಟಲಿ ಸೋರುತ್ತದೆ ಎಂದರು. ಹೊಸ ಬಾಟಲಿ ತಂದುಕೊಟ್ಟೆ. ಆಗಲೂ ಒದ್ದೆ.

"ವಯಸ್ಸಾಯ್ತು, ನಾಚ್ಕೆ ಪಟ್ಕೊಂಡ್ರೆ ಆಗಲ್ಲ. ಡಾಕ್ಟ್ರಿಗೆ ತೋರ್ಸಿ," ಎಂದೆ.

ಅವರು ಊಟ ಬಿಟ್ಟು ಎದ್ದು ಹಿತ್ತಲಿಗೆ ಹೋದರು. ಒದ್ದೆ ಮಾತ್ರ ನಿಲ್ಲಲಿಲ್ಲ.

ಅವರು ರಜೆಯ ದಿನ ಹೋದರು. ಟೀ ಕೇಳಿದರು. ನಾನು ತರುವಷ್ಟರಲ್ಲಿ ಇರಲಿಲ್ಲ. ಎದೆ ನಿಂತಿತು ಎಂದು ಡಾಕ್ಟರು ಹೇಳಿದರು. ಕಂಡಕ್ಟರ್ ಗೋಡೆಗೆ ತಲೆ ಇಟ್ಟು ಅತ್ತ. "ರಜೆ ದಿನ ನೋಡ್ಕೊಂಡು ಹೋದ ಅಕ್ಕಾ. ಒಂದು ಟ್ರಿಪ್ಪೂ ಕ್ಯಾನ್ಸಲ್ ಮಾಡಿಸ್ಲಿಲ್ಲ," ಎಂದ. ಆ ಟೀ ಯಾರು ಕುಡಿದರೋ ನೆನಪಿಲ್ಲ.

ಮಳೆಗಾಲ ಕಳೆದು ಚಳಿ ಹಿಡಿಯಿತು. ಹಿತ್ತಲಲ್ಲಿ ಇದ್ದದ್ದೆಲ್ಲ ಕೊಳೆತು ಹೋಯಿತು. ಉಳಿದದ್ದು ಒಂದು ಡಬ್ಬ ಬೀಜ.

ಅವರ ಕೊತ್ತಂಬರಿ ಅಂಗಡಿಯದಲ್ಲ. ಪ್ರತಿ ವರ್ಷ ತಮ್ಮ ಗಿಡದ ಬೀಜವನ್ನೇ ಒಣಗಿಸಿ ಇಟ್ಟು, ಮತ್ತೆ ಅದನ್ನೇ ಹಾಕುತ್ತಿದ್ದರು. ಎಲೆ ಸಣ್ಣದು, ಕಾಂಡ ಕೆಂಪು, ಘಮ ಜೋರು. ಡ್ಯೂಟಿ ಮುಗಿಸಿ ಬಂದರೆ ಮೊದಲು ಹಿತ್ತಲಿಗೆ ಹೋಗಿ ಗಿಡದ ಮೇಲೆ ಕೈ ಆಡಿಸುತ್ತಿದ್ದರು, ಆಮೇಲೆ ಒಳಗೆ ಬರುತ್ತಿದ್ದರು. ಮದುವೆಯಾದಾಗಿನಿಂದ ನನಗೆ ಗಂಡ ಎಂದರೆ ಆ ವಾಸನೆ. ಅವರ ಅಂಗಿಗಳಲ್ಲಿ ಅದು ಈಗ ಇಲ್ಲ. ಮೂಸಿ ನೋಡಿದ್ದೇನೆ. ಆ ಬೀಜ ಹೋದರೆ ಆ ಕೊತ್ತಂಬರಿ ಇನ್ನೆಲ್ಲೂ ಇಲ್ಲ. ಅಂಗಡಿಯಲ್ಲಿ ಕೇಳಿ ತರುವ ಹಾಗಿಲ್ಲ.

ಇದೇನು ದೊಡ್ಡ ವಿದ್ಯೆಯೇ ಎಂದುಕೊಂಡು ಅರ್ಧ ಡಬ್ಬ ಬೀಜವನ್ನು ಹಾಗೇ ಮಣ್ಣಿಗೆ ಹಾಕಿದೆ. ನೀರು ಹಾಕಿದೆ. ಕಾದೆ. ಬೈದೆ. ಒಂದೂ ಬರಲಿಲ್ಲ. ಕೆದಕಿ ನೋಡಿದರೆ ಎಲ್ಲ ಬೂಷ್ಟು. ಬೀಜ ಹಳೆಯದಾಗುತ್ತಿತ್ತು, ಮುಂದಿನ ವರ್ಷದವರೆಗೆ ಇಟ್ಟರೆ ಅದೂ ಸತ್ತುಹೋಗುತ್ತಿತ್ತು. ಇನ್ನು ಉಳಿದ ಅರ್ಧ ಡಬ್ಬವೇ ಕೊನೆ.

ನನ್ನ ನಾದಿನಿಗೆ ಹೇಳಿ ಕಳಿಸಿದೆ. ಅವರ ತಂಗಿ, ಎರಡು ಬೀದಿ ಆಚೆ ಇದ್ದಾಳೆ. ಕಂಡಕ್ಟರಿಗೂ ಹೇಳಿದೆ. ಇಬ್ಬರೂ ಒಂದೇ ಹೊತ್ತಿಗೆ ಬಂದರು. ಅದೇ ಎಡವಟ್ಟಾಯಿತು.

"ಲಟ್ಟಣಿಗೆ ತಗೊಂಡ್ಬನ್ನಿ ಅತ್ತಿಗೆ. ಲಟ್ಟಣಿಗೇಲಿ ಉಜ್ಜಬೇಕು," ಎಂದಳು ನಾದಿನಿ.

"ಲಟ್ಟಣಿಗೆ ಅಲ್ಲ, ಚಪ್ಲಿ," ಎಂದೆ.

"ಥೂ! ತಿನ್ನೋ ಪದಾರ್ಥಕ್ಕೆ ಚಪ್ಲೀನಾ? ನಮ್ಮಣ್ಣ ಹಂಗೆಲ್ಲ ಮಾಡೋನಲ್ಲ. ಅವನು ಹುಟ್ಟಿದಾಗಿಂದ ನೋಡಿದೀನಿ ನಾನು."

"ಅವರು ಹುಟ್ಟಿದಾಗ ನೀನು ಹುಟ್ಟಿರ್ಲೇ ಇಲ್ಲ ಕಣೇ."

"ಆಮೇಲಾದ್ರೂ ನೋಡಿದೀನಲ್ಲ!"

ಕಂಡಕ್ಟರ್ ಮಧ್ಯೆ ಬಾಯಿ ಹಾಕಿದ. "ಉಜ್ಜೋದು ಗಿಜ್ಜೋದು ನಂಗೊತ್ತಿಲ್ಲಕ್ಕಾ. ಬಸ್ಸಿಗೆ ಬಂದ್ಮೇಲಿನ ವಿಷ್ಯ ಕೇಳಿ, ಹೇಳ್ತೀನಿ. ಸ್ಪಂಜು, ಅದರ ಮೇಲೆ ಗಂಟು. ಟ್ರಿಪ್ ಮುಗಿದಾಗ ಒಂದ್ಸಲ ನೀರು ಚಿಮುಕಿಸೋದು. ಅಷ್ಟೇ. ಕಣ್ಣಾರೆ ನೋಡಿದೀನಿ."

"ಬಸ್ಸಲ್ಲೇ ಯಾಕೆ? ನಮ್ಮನೆ ಒಲೆ ಪಕ್ಕ ಇಟ್ರೆ ಆಗಲ್ವಾ?" ಎಂದಳು ನಾದಿನಿ.

"ನಿಮ್ಮನೆ ಒಲೆ ಪಕ್ಕ ಇಟ್ಟದ್ದು ಯಾವುದು ಉಳಿದಿದೆ ಹೇಳು? ನಿನ್ನ ಪ್ಲಾಸ್ಟಿಕ್ ಬಕೆಟ್ಟು ಸಹ ಕರಗಿ ಹೋಯ್ತು," ಎಂದೆ.

ಮುಖ ಊದಿಸಿಕೊಂಡಳು. ಆದರೆ ಎದ್ದು ಹೋಗಲಿಲ್ಲ.

ಬಲಗಾಲಿನ ಚಪ್ಪಲಿ ತೊಳೆದೆ. ನೆಲದ ಮೇಲೆ ಬೀಜ ಹರಡಿ ಮೆಲ್ಲಗೆ ಉಜ್ಜಿದೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಭಾರ ಹಾಕಿದೆ. ಟಿಕ್ ಟಿಕ್ ಎಂದು ಹೋಳಾದವು. ನಾದಿನಿ ಮೂಗು ಮುರಿಯುತ್ತಲೇ ಪಕ್ಕದಲ್ಲಿ ಕೂತು ಒಡೆದದ್ದನ್ನು, ಒಡೆಯದ್ದನ್ನು ಬೇರೆ ಮಾಡಿದಳು. ಕಂಡಕ್ಟರ್ ಜಾಗ ಬಿಡಿಸುವ ಅಭ್ಯಾಸದವನು, "ಒಳಗೆ ಹೋಗ್ರಿ, ಒಳಗೆ ಹೋಗ್ರಿ," ಎಂದು ಹೋಳುಗಳನ್ನೆಲ್ಲ ಒಂದು ಮೂಲೆಗೆ ತಳ್ಳಿದ. ನೀರಲ್ಲಿ ಹಾಕಿದೆವು. ತೇಲಿದ್ದನ್ನು ತೆಗೆದೆವು. ರಾತ್ರಿ ಪೂರ್ತಿ ನೆನೆಸಿ, ಬೆಳಿಗ್ಗೆ ನಾದಿನಿ ಬರುವ ಮೊದಲೇ ಖಾಕಿ ತುಂಡಿನಲ್ಲಿ ಕಟ್ಟಿ, ನೀರು ಇಳಿಯಲಿ ಎಂದು ಹಿತ್ತಲ ನಲ್ಲಿಗೆ ನೇತುಹಾಕಿ, ತಲೆ ಬಾಚಿಕೊಳ್ಳಲು ಒಳಗೆ ಹೋದೆ.

ಹೊರಗೆ ಧಪ್ ಎಂದು ಸದ್ದಾಯಿತು.

ಓಡಿ ಹೋದೆ. ನಾದಿನಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಳು. ಕೈಯಲ್ಲಿ ಖಾಕಿ ಗಂಟು, ಗಂಟಿನ ತುಂಬ ಸೋಪಿನ ನೊರೆ. ಅವಳಿಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಯಾರ ಮನೆಗೆ ಹೋದರೂ ಕಂಡ ಬಟ್ಟೆ ಒಗೆದು ಬರುವವಳು.

"ಅಣ್ಣನ ಪ್ಯಾಂಟಿನ ಬಟ್ಟೆ ಅಂತ... ಕೊಳೆಯಾಗಿತ್ತು ಅಂತ... ಒಂದೇ ಏಟು ಅತ್ತಿಗೆ, ಒಂದೇ ಒಂದು ಏಟು ಹಾಕ್ದೆ. ಒಳಗೆ ಏನೋ ಇದೆ ಅಂತ ಗೊತ್ತಾದ ತಕ್ಷಣ ನಿಲ್ಸಿದೆ."

ಅವಳ ಕೈಯಿಂದ ಗಂಟು ಕಿತ್ತುಕೊಂಡೆ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಜೋರಾಗಿ ಅಳಲು ಶುರು ಮಾಡಿದಳು. ನಾನೂ ಅತ್ತೆ. ಅವರು ಹೋದ ಮೇಲೆ ನಾವಿಬ್ಬರು ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು, ಅದೂ ಸೋಪಿನ ನೊರೆ ಹಿಡಿದುಕೊಂಡು. ಆಮೇಲೆ ಗಂಟು ಬಿಚ್ಚಿ, ನೀರು ಬದಲಿಸಿ ಬದಲಿಸಿ ಜಾಲಿಸಿದೆವು. ಕೆಲವು ಪುಡಿಯಾಗಿದ್ದವು. ಉಳಿದವು ಹಿಂದೆಂದೂ ಇಲ್ಲದಷ್ಟು ಸ್ವಚ್ಛವಾಗಿದ್ದವು.

ಕಂಡಕ್ಟರ್ ಬಂದು ಕೇಳಿ, "ಹೋಗ್ಲಿ ಬಿಡಿ ಅಕ್ಕಾ. ಒಡೀದೇ ಉಳಿದಿದ್ದಕ್ಕೂ ಒಂದು ಏಟು ಬಿದ್ದಂಗಾಯ್ತು," ಎಂದ. ನಾದಿನಿ ಅವನ ಕಡೆ ಸೋಪು ಎಸೆದಳು.

ಗಂಟನ್ನು ಅವನ ಕೈಗೆ ಕೊಡಲು ಹೋದೆ. ಅವನು ತಲೆ ಕೆರೆದುಕೊಂಡ. "ನಾನು ಹಿಂದೆ ಟಿಕೆಟ್ ಕೊಡ್ಬೇಕು. ಮುಂದೆ ಯಾರು ನೋಡ್ಕೋತಾರೆ? ಹೊಸ ಡ್ರೈವರ್ ಬ್ರೇಕ್ ಹಾಕಲ್ಲಕ್ಕಾ, ಒದೀತಾನೆ. ಗಂಟು ಹಾರಿ ಕಿಟಕೀಲಿ ಹೋಗುತ್ತೆ."

"ಬೇರೆ ಬಸ್ಸಿಗೆ ಕೊಡು."

"ಬೇರೆ ಬಸ್ಸಿಗೆಲ್ಲ ಇಂಜಿನ್ ಹಿಂದಿದೆ. ಈ ರೂಟಲ್ಲಿ ಬಾನೆಟ್ ಇರೋದು ನಮ್ಮದೊಂದೇ."

"ಹಾಗಾದ್ರೆ ನಾನೇ ಬರ್ತೀನಿ."

"ಎಲ್ಲಿಗೆ?"

"ಬಾನೆಟ್ಟಿಗೆ."

ನನ್ನ ಹತ್ತಿರ ಪಾಸ್ ಇದೆ. ಡ್ರೈವರ್ ಹೆಂಡತಿಗೆ ಕೊಡುವ ಪಾಸ್. ಅವರು ಇದ್ದಾಗ ಆ ಬಸ್ಸು ಹತ್ತಿದ್ದು ಕಡಿಮೆ. ಈಗ ಬೆಳಿಗ್ಗೆ ಡಿಪೋ ಮುಂದೆ ಹತ್ತಿ, ಸ್ಪಂಜ್ ಹಾಸಿ, ಗಂಟು ಇಟ್ಟು, ಪಕ್ಕದಲ್ಲಿ ಕೂತೆ. ಹೊಸ ಡ್ರೈವರ್ ನನ್ನನ್ನೂ ಗಂಟನ್ನೂ ನೋಡಿದ. ಮೀಸೆ ದಪ್ಪ, ತಾಳ್ಮೆ ತೆಳ್ಳಗೆ.

"ಅಮ್ಮಾ, ಅದೇನು? ಬಾಂಬಾ?"

"ಕೊತ್ತಂಬರಿ."

"ಮಾರೋಕಾ?"

"ಮೊಳಕೆಗೆ. ನಿಧಾನಕ್ಕೆ ಓಡ್ಸಪ್ಪ."

"ಕಂಡಕ್ಟ್ರೇ!" ಎಂದು ಕೂಗಿದ. ಕಂಡಕ್ಟರ್ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಡ್ರೈವರ್ ಸ್ಟೇರಿಂಗ್ ಅನ್ನೂ ತನ್ನ ಸೀಟನ್ನೂ ಒಂದು ಸಲ ನೋಡಿಕೊಂಡ. ಅದು ಅವರು ಕೂರುತ್ತಿದ್ದ ಸೀಟು. ಆಮೇಲೆ ಏನೂ ಕೇಳಲಿಲ್ಲ. ಆದರೆ ಬ್ರೇಕ್ ಒದೆಯುವುದನ್ನೂ ಬಿಡಲಿಲ್ಲ. ಮೊದಲ ಸ್ಟಾಪಿನಲ್ಲೇ ನಾನು, ಗಂಟು, ಸ್ಪಂಜು, ಎಲ್ಲ ಮುಂದಿನ ಗಾಜಿನ ಹತ್ತಿರ ಹೋಗಿ ವಾಪಸ್ ಬಂದೆವು.

ಊರು ದಾಟಿದ ಮೇಲೆ ಏರು ಬರುತ್ತದೆ. ಬಸ್ಸು ನರಳಲು ಶುರು ಮಾಡಿತು. ಸ್ವಲ್ಪ ಹೊತ್ತಿಗೆ ನನಗೆ ಕೂತಲ್ಲೇ ಕೂರಲಾಗಲಿಲ್ಲ, ಅಷ್ಟು ಕಾದಿತ್ತು. ಗಂಟು ಮುಟ್ಟಿದೆ. ಬಿಸಿ ನೀರಿಂದ ತೆಗೆದ ಹಾಗಿತ್ತು. ಸ್ಪಂಜ್ ಇದೆ, ಖಾಕಿ ಇದೆ, ಕಂಡಕ್ಟರ್ ಹೇಳಿದ್ದೆಲ್ಲ ಇದೆ, ಆದರೂ ಬೀಜ ಬೇಯುತ್ತಿದೆ. ಅವರು ಇಲ್ಲಿ ಏನು ಮಾಡುತ್ತಿದ್ದರು? ಈ ಏರನ್ನು ದಿನಾ ಹತ್ತುತ್ತಿದ್ದರಲ್ಲ?

ಯೋಚನೆ ಮಾಡಲು ಹೊತ್ತಿರಲಿಲ್ಲ. ಗಂಟನ್ನು ತಟ್ಟನೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ನೀರು ಇಳಿದು ಬಟ್ಟೆಯೆಲ್ಲ ಒದ್ದೆಯಾಯಿತು.

ಒದ್ದೆ ಮಡಿಲು ನೋಡಿದೆ. ಆಗ ಗೊತ್ತಾಯಿತು.

ಏರು ಬಂದಾಗ ಅವರು ಗಂಟನ್ನು ಮಡಿಲಿಗೆ ಎತ್ತಿಕೊಳ್ಳುತ್ತಿದ್ದರು. ಇಳಿಜಾರು ಬಂದಾಗ ಮತ್ತೆ ಬಾನೆಟ್ ಮೇಲೆ. ಓಡಿಸುವಾಗ ಮಡಿಲಲ್ಲಿ ಏನೂ ಇಟ್ಟುಕೊಳ್ಳಬಾರದು ಎಂದು ಡಿಪೋದಲ್ಲಿ ಕಟ್ಟುನಿಟ್ಟು. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಹಿಂದೆ ಟಿಕೆಟ್ ಕೊಡುವ ಕಂಡಕ್ಟರಿಗೂ ಕಂಡಿರಲಿಲ್ಲ. ಹೆಂಡತಿ ಡಾಕ್ಟರಿಗೆ ತೋರಿಸು ಎಂದಾಗಲೂ ಬಾಯಿ ಬಿಟ್ಟಿರಲಿಲ್ಲ. ತಪ್ಪನ್ನು ಬಾಟಲಿ ಮೇಲೆ ಹಾಕಿ ಕೂತಿದ್ದರು.

ನನಗೆ ನಗು ಬಂತು. ತಡೆಯಲಾಗಲಿಲ್ಲ. ಬಾನೆಟ್ ಮೇಲೆ ಒಬ್ಬಳೇ ಕೂತು ನಕ್ಕೆ. ಡ್ರೈವರ್ ಓರೆಗಣ್ಣಲ್ಲಿ ನೋಡಿ, "ಕಂಡಕ್ಟ್ರೇ, ಇವ್ರು ನಗ್ತಿದಾರೆ," ಎಂದು ಕೂಗಿದ.

"ನಗ್ಲಿ ಬಿಡಪ್ಪ. ನೀನು ರಸ್ತೆ ನೋಡು," ಎಂದ ಕಂಡಕ್ಟರ್ ಹಿಂದಿನಿಂದ.

ಅವತ್ತಿನಿಂದ ಅದೇ ನನ್ನ ಡ್ಯೂಟಿ. ಏರಿಗೆ ಮಡಿಲು, ಇಳಿಜಾರಿಗೆ ಬಾನೆಟ್. ಟ್ರಿಪ್ ಮುಗಿದಾಗ ಬಿಚ್ಚಿ ಮೂಸುವುದು. ಹುಳಿ ವಾಸನೆ ಬಂದರೆ ಜಾಲಿಸಬೇಕು. ಬರಲಿಲ್ಲ. ಸೋಪಿನ ವಾಸನೆ ಮಾತ್ರ ಬರುತ್ತಿತ್ತು. ಬಿಸಿ ಮುಟ್ಟಿದ್ದರಿಂದ ಬೀಜ ಸತ್ತೇ ಹೋಗಿದ್ದರೆ ಎಂಬ ಹೆದರಿಕೆ ಬೇರೆ. ಸಂಜೆ ಮನೆಗೆ ತಂದು ಕಂಬಳಿಯಲ್ಲಿ ಸುತ್ತಿ ಇಡುತ್ತಿದ್ದೆ. ಬೆಳಿಗ್ಗೆ ಮತ್ತೆ ಬಸ್ಸು. ನರ್ಸಮ್ಮ ಮೊದಲ ದಿನವೇ ಗುರುತು ಹಿಡಿದರು.

"ಅದೇ ಗಂಟಾ?"

"ಅದೇ."

"ನಾನು ನಿಂತ್ಕೊಂಡೇ ಬರ್ತೀನಿ ಬಿಡಿ. ಹಳೇ ಭಯ."

ದಿನ ಕಳೆದರೂ ಬೀಜ ಹಾಗೇ ಇತ್ತು. ಊದಿತ್ತು, ಒಡೆದಿರಲಿಲ್ಲ. ನಾದಿನಿ ಸಂಜೆ ಸಂಜೆ ಬಂದು ಬಾಗಿಲಲ್ಲಿ ನಿಂತು, "ಬಂತಾ?" ಎಂದು ಕೇಳುತ್ತಿದ್ದಳು. ಹೆರಿಗೆ ಮನೆ ಮುಂದೆ ಕೇಳುವ ಹಾಗೆ. ಇಲ್ಲ ಎಂದರೆ, ನನ್ನ ಏಟೇ ಕಾರಣ ಎಂದು ಶುರು ಮಾಡುತ್ತಿದ್ದಳು. ಅವಳನ್ನು ಸಮಾಧಾನ ಮಾಡುವುದೇ ನನಗೆ ಇನ್ನೊಂದು ಡ್ಯೂಟಿಯಾಯಿತು.

ಒಂದು ಮಧ್ಯಾಹ್ನ ಚೆಕಿಂಗ್ ಸಾಹೇಬರು ಹತ್ತಿದರು. ಟಿಕೆಟ್ ನೋಡುವ ಅಧಿಕಾರಿ. ಕೋಟು, ಕನ್ನಡಕ, ನಗದ ಮುಖ. ಎಲ್ಲರದೂ ನೋಡಿಕೊಂಡು ಮುಂದೆ ಬಂದರು.

"ಎಲ್ಲಿಗಮ್ಮ?"

"ಎಲ್ಲಿಗೂ ಇಲ್ಲ."

"ಎಲ್ಲಿ ಹತ್ತಿದ್ರಿ?"

"ಬೆಳಿಗ್ಗೆ."

"ಎಲ್ಲಿ ಅಂತ ಕೇಳ್ದೆ. ಯಾವಾಗ ಅಂತಲ್ಲ."

"ಡಿಪೋ ಮುಂದೆ. ಆಮೇಲೆ ಇಳಿದಿಲ್ಲ." ಪಾಸ್ ತೋರಿಸಿದೆ.

ಅವರು ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪಾಸ್ ಸರಿಯಿದೆ. ಆದ್ರೆ ಎಲ್ಲಾದ್ರೂ ಇಳೀಬೇಕಲ್ಲಮ್ಮ?"

"ಇಳೀಲೇಬೇಕು ಅಂತ ಪಾಸಲ್ಲಿ ಎಲ್ಲಿದೆ?"

ಹಿಂದಿನಿಂದ ಒಬ್ಬರು, "ಹೌದಲ್ವಾ!" ಎಂದರು.

ಸಾಹೇಬರು ಕನ್ನಡಕ ಸರಿ ಮಾಡಿಕೊಂಡರು. "ಸರಿ. ಯಾವಾಗ ಇಳೀತೀರಾ?"

"ಮೊಳಕೆ ಬಂದ್ಮೇಲೆ."

ಅವರ ಕಣ್ಣು ಗಂಟಿನ ಮೇಲೆ ಬಿತ್ತು. "ಇದಕ್ಕೆ ಲಗೇಜ್ ಟಿಕೆಟ್ ಎಲ್ರೀ ಕಂಡಕ್ಟ್ರೇ?"

ಕಂಡಕ್ಟರ್ ಜನರನ್ನು ನೂಕಿಕೊಂಡು ಬಂದ. "ಸಾರ್, ಲಗೇಜ್ ಅಂದ್ರೆ ಜೀವ ಇಲ್ದಿರೋದು. ಇದಕ್ಕೆ ಜೀವ ಇದೆ."

"ಜೀವ ಇದ್ರೆ ಕೋಳಿಗೆ ಹಾಕ್ದಂಗೆ ಹಾಕ್ಬೇಕು. ಕೋಳಿಗೆ ಟಿಕೆಟ್ ಇದೆ."

"ಕೋಳಿಗಿದೆ ಸಾರ್. ಮೊಟ್ಟೆಗಿಲ್ಲ. ಇದಿನ್ನೂ ಮೊಟ್ಟೆ."

ಬಸ್ಸು ಬಿದ್ದು ಬಿದ್ದು ನಕ್ಕಿತು. ಸಾಹೇಬರು ನಗಲಿಲ್ಲ. "ನಂಗೆ ಪಾಠ ಹೇಳ್ಬೇಡ. ಬಿಚ್ಚಮ್ಮ, ನೋಡೋಣ. ಮೊಟ್ಟೆಯೋ ಮರಿಯೋ ತೀರ್ಮಾನ ಆಗ್ಲಿ."

"ಬಿಚ್ಚಲ್ಲ. ಓಡೋ ಬಸ್ಸಲ್ಲಿ ಗಾಳಿ ತಾಗುತ್ತೆ."

"ಬಿಚ್ಚದೇ ಇದ್ರೆ ಇಳೀಬೇಕಾಗುತ್ತೆ."

ಏನು ಮಾಡಲಿ? ಇಳಿದರೆ ಕೆಲಸ ಕೆಟ್ಟಿತು. ಮಡಿಲಲ್ಲಿ ಇಟ್ಟುಕೊಂಡು, ಗಾಳಿಗೆ ಬೆನ್ನು ಕೊಟ್ಟು, ಗಂಟು ಬಿಚ್ಚಿದೆ. ಸಾಹೇಬರು ಬಗ್ಗಿದರು. ನರ್ಸಮ್ಮ ಬಗ್ಗಿದರು. ಕಂಡಕ್ಟರ್ ಎಲ್ಲರ ಭುಜದ ಮೇಲಿಂದ ಬಗ್ಗಿದ. ಡ್ರೈವರ್ ಬಸ್ಸನ್ನೇ ಬದಿಗೆ ನಿಲ್ಲಿಸಿ ಬಗ್ಗಿದ. ಆ ಸಲ ಬ್ರೇಕ್ ಹಾಕಿದ್ದು ಯಾರಿಗೂ ಗೊತ್ತಾಗಲಿಲ್ಲ.

ಖಾಕಿ ಮೇಲೆ ಕಂದು ಹೋಳುಗಳು. ನನಗೆ ಏನೂ ಕಾಣಲಿಲ್ಲ. ಕಣ್ಣು ಮಂಜಾಗಿತ್ತು.

ಸಾಹೇಬರೇ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಬೆರಳು ತೋರಿಸಿದರು. "ಇದೇನು ಬೆಳ್ಳಗೆ?"

ಇರುವೆ ಕಾಲಿನಷ್ಟು. ಒಂದು ಹೋಳಿನ ತುದಿಯಲ್ಲಿ. ಪಕ್ಕದಲ್ಲಿ ಇನ್ನೊಂದು. ಅಂಚಿನಲ್ಲಿ ಮತ್ತೊಂದಷ್ಟು. ಎಲ್ಲದರಲ್ಲೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹಾಗೇ ಇದ್ದವು. ಆದರೆ ಬಂದಿತ್ತು.

"ಹೆರಿಗೆ ಆಯ್ತು ಕಣ್ರೀ!" ಎಂದು ನರ್ಸಮ್ಮ ಕೂಗಿದರು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಏನಾಯಿತು ಎಂದು ತಿಳಿಯದ ಇನ್ನಿಬ್ಬರು ಅದಕ್ಕಿಂತ ಜೋರಾಗಿ ತಟ್ಟಿದರು.

"ನೋಡಿ, ಮರಿಯಾಯ್ತು. ಈಗ ಟಿಕೆಟ್ ಹಾಕ್ಬೇಕು," ಎಂದರು ಸಾಹೇಬರು.

"ಯಾಕ್ಸಾರ್? ಮೊಳಕೆ ಬಂದ್ರೆ ಇಳೀತೀನಿ ಅಂತ ಅವರೇ ಹೇಳಿದಾರಲ್ಲ. ಇಳೀತಾರೆ ಬಿಡಿ," ಎಂದರು ನರ್ಸಮ್ಮ.

ನಾನು ಗಂಟು ಕಟ್ಟಿದೆ. ಇಳಿದೆ. ಮನೆಯಿಂದ ಎಷ್ಟೋ ದೂರದ, ಕಾಲಿಡದ ಊರಿನ ಕಾಲಿಡದ ಸ್ಟಾಪು. ಕಂಡಕ್ಟರ್ ಬಾಗಿಲಿಗೆ ನೇತುಬಿದ್ದು, "ಅಕ್ಕಾ, ಇಲ್ಲಿ ಯಾಕೆ ಇಳಿದ್ರಿ? ವಾಪಸ್ ನಮ್ಮ ಬಸ್ಸಲ್ಲೇ ಬರ್ಬಹುದಿತ್ತಲ್ಲ!" ಎಂದು ಕೂಗಿದ. ಅಷ್ಟರಲ್ಲಿ ಬಸ್ಸು ಹೊರಟಿತ್ತು. ಎದುರಿಂದ ಬಂದ ಬಸ್ಸು ಹತ್ತಿ, ಇಡೀ ದಾರಿ ಗಂಟನ್ನು ಮಡಿಲಲ್ಲಿ ಹಿಡಿದು ಮನೆಗೆ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಒದ್ದೆ ಮಡಿಲು ನೋಡಿ ಸ್ವಲ್ಪ ಸರಿದು ಕೂತಳು. ನಾನು ಬಾಟಲಿ ಎಂದೆ.

ಬಿಸಿಲು ಇಳಿದ ಮೇಲೆ ಬಿತ್ತಿದೆವು. ಆಯಿಲ್ ಡಬ್ಬದ ಮಣ್ಣು ಸಡಿಲ ಮಾಡಿ, ಬೆರಳಲ್ಲಿ ಗೀರಿ, ಮೊಳಕೆ ಮುರಿಯದ ಹಾಗೆ ಒಂದೊಂದೇ ಇಟ್ಟೆ. ನಾದಿನಿಗೆ ಮುಟ್ಟಲು ಬಿಡಲಿಲ್ಲ. ಅವಳು ಕೈ ಹಿಂದೆ ಕಟ್ಟಿಕೊಂಡು ನಿಂತು, "ಅಲ್ಲಿ ಜಾಗ ಇದೆ, ಇಲ್ಲಿ ಒತ್ತಾಯ್ತು," ಎಂದು ಹೇಳಿಕೊಟ್ಟಳು. ಮೊಳಕೆ ಬಾರದ್ದನ್ನೂ ಬಿಸಾಡಲಿಲ್ಲ, ಒಂದು ಟಯರಿಗೆ ಹಾಕಿದೆ. ತೆಳ್ಳಗೆ ಮಣ್ಣು ಮುಚ್ಚಿ, ಅಂಗೈಯಲ್ಲಿ ಒತ್ತಿ, ಕೈಯಿಂದ ನೀರು ಚಿಮುಕಿಸಿ, ಹೆಡ್‌ಲೈಟಿನ ಗಾಜು ಮುಚ್ಚಿದೆ.

ಟಯರಿನಲ್ಲಿ ಏನೂ ಬರಲಿಲ್ಲ. ಡಬ್ಬಗಳಲ್ಲೂ ಕೆಲವು ಬರಲಿಲ್ಲ. ಆದರೆ ಒಂದು ಬೆಳಿಗ್ಗೆ ಗಾಜಿನ ಒಳಗೆ ಹಸಿರು ಕಂಡಿತು. ಮೊದಲು ಜೋಡಿ ಎಲೆ, ಉದ್ದುದ್ದ, ಕೊತ್ತಂಬರಿಯ ಹಾಗೇ ಇಲ್ಲ. ನಾದಿನಿ ನೋಡಿ, "ಇದು ಹುಲ್ಲು," ಎಂದಳು. ಅವಳ ಮೇಲೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಆಮೇಲೆ ನಡುವಿನಿಂದ ಸಣ್ಣ, ಅಂಚು ಕತ್ತರಿಸಿದ ಎಲೆ ಬಂತು. ಕಾಂಡ ಕೆಂಪಗಿತ್ತು.

ನಾನು ಅದನ್ನು ಮುಟ್ಟಲಿಲ್ಲ. ಉಜ್ಜಿ ಮೂಸಿ ನೋಡಲು ಧೈರ್ಯ ಬರಲಿಲ್ಲ. ಅದಲ್ಲ ಎಂದಾದರೆ? ಸೋಪು, ಬಿಸಿ, ಏಟು, ಎಲ್ಲ ತಿಂದ ಬೀಜ. ಏನು ನಂಬಿಕೆ? ನೀರು ಮಾತ್ರ ಹಾಕುತ್ತಿದ್ದೆ.

ಒಂದು ಸಂಜೆ ನೀರಿನ ಚೊಂಬು ತೆಗೆದುಕೊಂಡು ಹಿತ್ತಲಿಗೆ ಹೋದರೆ ನಾದಿನಿ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಒಂದು ಡಬ್ಬದಲ್ಲಿ ಸಸಿ ಒತ್ತೊತ್ತಾಗಿ ಬಂದಿತ್ತು. ಅದರಲ್ಲಿ ಒಂದು ಸೊರಗಿದ್ದನ್ನು ಬೇರು ಸಮೇತ ಕಿತ್ತು, ಮಣ್ಣು ಒರೆಸಿ, ಬಾಯಿಗೆ ಹಾಕಿಕೊಂಡಳು.

"ಏಯ್! ಯಾರನ್ನ ಕೇಳಿ ಕಿತ್ತೆ?"

"ಒತ್ತಾಗಿತ್ತು ಅತ್ತಿಗೆ. ಬಿಡಿಸ್ದೇ ಇದ್ರೆ ಯಾವುದೂ ಏಳಲ್ಲ. ಅಣ್ಣಾನೂ ಕೀಳ್ತಿದ್ದ." ಅಗಿಯುತ್ತಲೇ ಮಾತಾಡಿದಳು. ಆಮೇಲೆ ಅಗಿಯುವುದು ನಿಂತಿತು. ನನ್ನ ಮುಖ ನೋಡಿದಳು.

"ಏನೇ?"

"ಅದೇ," ಎಂದಳು.

ಚೊಂಬು ಕೆಳಗಿಟ್ಟೆ. ಪಕ್ಕದಲ್ಲಿ ಕೂತು ಇನ್ನೊಂದು ಸೊರಗಿದ್ದನ್ನು ಹುಡುಕಿ ಕಿತ್ತೆ. ಬಾಯಿಗೆ ಹಾಕಿಕೊಂಡೆ. ಮಣ್ಣು ಸ್ವಲ್ಪ ಇತ್ತು.

ಅದೇ.

ಆಮೇಲೆ ಅವಳ ಕೈ ಮತ್ತೆ ಡಬ್ಬದ ಕಡೆ ಹೋಯಿತು.

"ಇನ್ನೊಂದಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ," ಎಂದೆ. "ಇದೆಲ್ಲ ಬೀಜಕ್ಕೆ."